ಹೆಸರು ಒಂದೇ, ಬರಹ ಹಲವು: ಗಣಕಯಂತ್ರದ ಮುಂದೆ ನಮ್ಮ ಭಾಗದ ಜನ

ಮಸ್ಕಿಯ ಅಶೋಕ ಶಾಸನವನ್ನು ನೋಡದ ವಿದ್ಯಾರ್ಥಿ ನಮ್ಮ ಭಾಗದಲ್ಲಿ ವಿರಳ. ದೂರದ ಪ್ರವಾಸಕ್ಕೆ ಅನುಕೂಲವಿಲ್ಲದ ವರ್ಷಗಳಲ್ಲಿಯೂ ಶಾಲೆಯ ಮಕ್ಕಳು ಮಸ್ಕಿಗಂತೂ ಹೋಗಿ ಬರುತ್ತಿದ್ದರು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರ ಕಣ್ಣಿಗೆ ಬಿದ್ದ ಈ ಶಾಸನವು ಗಾತ್ರದಲ್ಲಿ ಚಿಕ್ಕದಾದರೂ ಇತಿಹಾಸದಲ್ಲಿ ಅದರ ಸ್ಥಾನ ದೊಡ್ಡದು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೊರೆಯ ಹೆಸರು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇತ್ತು. ಈ ದೊರೆಯೇ ಬೌದ್ಧ ಗ್ರಂಥಗಳ ಅಶೋಕನೆಂದು ವಿದ್ವಾಂಸರು ಸಿಂಹಳದ ಇತಿಹಾಸ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಆ ಊಹೆಯನ್ನು ಕಲ್ಲಿನ ಮೇಲಿನ ಅಕ್ಷರವೇ ದೃಢಪಡಿಸಿದ್ದು ಮಸ್ಕಿಯಲ್ಲಿ. ದೇವಾನಾಂಪ್ರಿಯ ಎಂಬ ಬಿರುದು ಮತ್ತು ಅಶೋಕ ಎಂಬ ಹೆಸರು ಇಲ್ಲಿ ಜೊತೆಯಾಗಿ ಕಾಣಿಸಿಕೊಂಡವು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ ಮೊದಲಾದೆಡೆಗಳಲ್ಲಿಯೂ ಆ ಹೆಸರು ಸಿಕ್ಕಿತಾದರೂ ಮೊದಲ ಗೌರವ ಮಸ್ಕಿಯದೇ.

ಎರಡು ಹೆಸರುಗಳ ವ್ಯಕ್ತಿ ಒಬ್ಬನೇ ಎಂದು ಜಗತ್ತಿಗೆ ತಿಳಿಸಿದ ಅದೇ ಊರಿನಲ್ಲಿ, ಅದೇ ರೀತಿ ಸಿಂಧನೂರು, ಲಿಂಗಸುಗೂರುಗಳಲ್ಲಿ, ಇಂದು ಯಾವುದೇ ಸೇವಾ ಕೇಂದ್ರದ ಮುಂದೆ ಅರ್ಧ ಗಂಟೆ ನಿಂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಹೆಸರು ಹೊಂದಾಣಿಕೆ ಆಗುತ್ತಿಲ್ಲ." ಪಹಣಿಯ ಹೆಸರು ಆಧಾರಿನ ಹೆಸರಿಗೆ ಹೊಂದುವುದಿಲ್ಲ. ಆಧಾರಿನದು ಬ್ಯಾಂಕಿನದಕ್ಕೆ ಹೊಂದುವುದಿಲ್ಲ. ಮಗನ ಅಂಕಪಟ್ಟಿಯಲ್ಲಿರುವ ತಂದೆಯ ಹೆಸರು ತಂದೆಯ ಸ್ವಂತ ಕಾಗದಗಳಿಗೇ ಹೊಂದುವುದಿಲ್ಲ. ವಿದ್ವಾಂಸನು ಎರಡು ಹೆಸರುಗಳನ್ನು ಕಂಡಾಗ 'ಇವರಿಬ್ಬರೂ ಒಬ್ಬರೇ ಆಗಿರಬಹುದೇ?' ಎಂದು ಪ್ರಶ್ನಿಸಿ ಹುಡುಕಿದನು. ಯಂತ್ರವು ಎರಡು ಬರಹಗಳನ್ನು ಕಂಡಾಗ 'ಇವರಿಬ್ಬರೂ ಬೇರೆ' ಎಂದು ತೀರ್ಪಿತ್ತು ಬಾಗಿಲು ಮುಚ್ಚುತ್ತದೆ. ಈ ದೋಷ ಯಂತ್ರದ್ದೋ, ಅದನ್ನು ರೂಪಿಸಿದವರದ್ದೋ, ಬಳಸುವವರದ್ದೋ, ಅಥವಾ ಮೊದಲ ಸಲ ಹೆಸರನ್ನು ಕಾಗದಕ್ಕಿಳಿಸಿದ ನಮ್ಮಂಥ ಶಿಕ್ಷಕರದ್ದೋ ಎಂಬುದನ್ನು ಸರಳವಾಗಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರ ಹೆಸರನ್ನು ಕಾಣುವ ಬಗೆ

ಮೊದಲಿಗೆ ಒಂದು ಮೂಲಭೂತ ಸಂಗತಿಯನ್ನು ಗಮನಿಸಬೇಕು. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿ ಮಾಡಿ ಆ ಸಂಖ್ಯೆಗಳ ಸಾಲಾಗಿ ಅದು ಹೆಸರನ್ನು ಇಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿ ಇರಬೇಕೆಂಬ ಉದ್ದೇಶದಿಂದ ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯಲ್ಲಿ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಕನ್ನಡಕ್ಕೆ ಮೀಸಲಾದ ಮನೆಗಳು ೧೨೮. ಅವುಗಳಲ್ಲಿ 'ಕ' ಅಕ್ಷರದ ಸಂಖ್ಯೆ ೩೨೨೧. ಎರಡು ಹೆಸರುಗಳು ಒಂದೇ ಹೌದೋ ಅಲ್ಲವೋ ಎಂದು ನೋಡುವಾಗ ಯಂತ್ರವು ಅಕ್ಷರದ ರೂಪವನ್ನಾಗಲಿ ಉಚ್ಚಾರವನ್ನಾಗಲಿ ಪರಿಶೀಲಿಸುವುದಿಲ್ಲ. ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತದೆ. ಒಂದು ಸಂಖ್ಯೆ ಬೇರೆಯಾದರೂ ಅದರ ದೃಷ್ಟಿಯಲ್ಲಿ ಹೆಸರೇ ಬೇರೆ.

ಇದರ ಪರಿಣಾಮಕ್ಕೆ ನಮ್ಮ ಊರುಗಳ ಹೆಸರೇ ಉತ್ತಮ ನಿದರ್ಶನ. ಸಿಂಧನೂರು, ಲಿಂಗಸುಗೂರು ಎರಡರಲ್ಲಿಯೂ ಅನುಸ್ವಾರವಿದೆ. ಕನ್ನಡದ ಅನುಸ್ವಾರವೂ ಒಂದು ಸೊನ್ನೆ, ಕನ್ನಡದ ಸೊನ್ನೆ ಅಂಕಿಯೂ ಒಂದು ಸೊನ್ನೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಅನುಸ್ವಾರ ೩೨೦೨, ಸೊನ್ನೆ ಅಂಕಿ ೩೩೦೨. ಬೆರಳಚ್ಚಿನ ಅವಸರದಲ್ಲಿಯೋ, ಹಳೆಯ ಕಡತವನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವಾಗಲೋ ಅನುಸ್ವಾರದ ಸ್ಥಳದಲ್ಲಿ ಸೊನ್ನೆ ಸೇರಿಕೊಂಡಿತೆಂದರೆ 'ಲಿಂಗಸುಗೂರು' ಎಂದು ಹುಡುಕಿದವನಿಗೆ ಆ ದಾಖಲೆ ಸಿಗುವುದೇ ಇಲ್ಲ. ಪರದೆಯ ಮೇಲೆ ಅದು ಕಣ್ಣೆದುರೇ ಇರುತ್ತದೆ. ಎಷ್ಟು ಸಲ ತಿದ್ದಿ ನೋಡಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಕಾಣುವಂಥ ತಪ್ಪು ಅಲ್ಲಿ ಇಲ್ಲವೇ ಇಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಗಂಗಮ್ಮ, ಸಂಗಮ್ಮ ಎಂಬ ಹೆಸರಿನವರು ಎಷ್ಟು ಮಂದಿ! ಸಿಂಧನೂರು ತಾಲೂಕಿನ ಅಂಬಾಮಠದ ದೇವಿಯ ಹೆಸರಿಟ್ಟುಕೊಂಡ ಅಂಬಮ್ಮಂದಿರು ಎಷ್ಟು ಮಂದಿ! ಅವರೆಲ್ಲರ ಹೆಸರಿನಲ್ಲಿಯೂ ಈ ಸೊನ್ನೆಯ ಸುಳಿ ಇದೆ.

ಎರಡನೆಯ ನಿದರ್ಶನ ನಮ್ಮ ನೆರೆಯ ಕೊಪ್ಪಳ. ಇದರ ಮೊದಲ ಅಕ್ಷರ 'ಕೊ'. ಕಾಗುಣಿತದಲ್ಲಿ ಇದು ಒಂದು ಒತ್ವ. ಯೂನಿಕೋಡಿನಲ್ಲಿ ಒತ್ವಕ್ಕೆ ೩೨೭೪ ಎಂಬ ಒಂದೇ ಸಂಖ್ಯೆ ಉಂಟು. ಎತ್ವ ಮತ್ತು ಊತ್ವ ಚಿಹ್ನೆಗಳನ್ನು, ಅಂದರೆ ೩೨೭೦ ಮತ್ತು ೩೨೬೬ನ್ನು, ಒಂದರ ಹಿಂದೆ ಒಂದು ಬರೆದರೂ ತೆರೆಯ ಮೇಲೆ ಅದೇ 'ಕೊ' ಮೂಡುತ್ತದೆ. ಈ ಎರಡೂ ಬರಹಗಳು ಸಮಾನವೆಂದು, ಹೋಲಿಸುವ ಮೊದಲು ಇವನ್ನು ಒಂದೇ ರೂಪಕ್ಕೆ ತರಬೇಕೆಂದು ಯೂನಿಕೋಡ್ ಶಿಷ್ಟತೆಯೇ ವಿಧಿಸಿದೆ. ಅಂದ ಮೇಲೆ ಪರಿಹಾರ ಪುಸ್ತಕದಲ್ಲಿದೆ. ತಂತ್ರಾಂಶ ಬರೆಯುವವರು ಆ ಪುಟವನ್ನು ತೆರೆಯದಿದ್ದಾಗ ಮಾತ್ರ ತೊಂದರೆ ಉಂಟಾಗುತ್ತದೆ. ಕನ್ನಡ ಪದದ ನಡುವೆ ಸೊನ್ನೆ ಅಂಕಿ ಬಂದರೆ ಅದನ್ನು ಅನುಸ್ವಾರವಾಗಿ ತಿದ್ದಿಕೊಳ್ಳುವುದು ಕೂಡ ತಂತ್ರಾಂಶಕ್ಕೆ ಒಂದೆರಡು ಸಾಲಿನ ಕೆಲಸ. ಆ ಸಾಲುಗಳನ್ನು ಬರೆಯದಿದ್ದರೆ ಅದರ ಭಾರವನ್ನು ಅಕ್ಷರವನ್ನೇ ಕಲಿಯದ ಒಬ್ಬ ಮುದುಕಿ ಹೊರಬೇಕಾಗುತ್ತದೆ.

ಹಳೆಯ ಕಡತಗಳ ಮೌನ

ಸಂಕೇತದ ಈ ವಿಚಾರ ಹೆಸರುಗಳಿಗೆ ಮಾತ್ರ ಸೀಮಿತವಲ್ಲ. ಗಣಕಯಂತ್ರದಲ್ಲಿ ಕನ್ನಡ ನೆಲೆಗೊಂಡ ಕಥೆ ಅಭಿಮಾನಪಡತಕ್ಕದ್ದು. ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಾನುಸಾರಿ ಕೀಲಿಮಣೆ, ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಇವುಗಳಿಂದಾಗಿ ಸಾವಿರಾರು ಜನ ಸಾಮಾನ್ಯ ಕೀಲಿಮಣೆಯಲ್ಲಿಯೇ ಕನ್ನಡ ಬರೆಯುವಂತಾಯಿತು. ಅಂದಿನ ಯಂತ್ರಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲಾರದೆ ಇದ್ದುದರಿಂದ ಆಗ ಬೇರೊಂದು ಉಪಾಯವನ್ನು ಅನುಸರಿಸಬೇಕಾಯಿತು. ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳನ್ನೇ ಇಟ್ಟು, ಅವುಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳ ಚಿತ್ರವನ್ನು ಕೂರಿಸಲಾಯಿತು. ಆ ಅಕ್ಷರವಿನ್ಯಾಸ, ಅಂದರೆ ಫಾಂಟ್, ಯಂತ್ರದಲ್ಲಿರುವವರೆಗೆ ಕನ್ನಡ ಕಾಣುತ್ತದೆ. ಅದು ಇಲ್ಲವಾದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು ಮಾತ್ರ ಉಳಿಯುತ್ತದೆ.

ಆ ಕಾಲದ ಅನಿವಾರ್ಯತೆಯನ್ನು ಇಂದು ಹಳಿಯುವುದು ಕೃತಘ್ನತೆಯಾದೀತು. ಆದರೆ ಅನಿವಾರ್ಯತೆ ಮುಗಿದ ಮೇಲೂ ಅದೇ ರೂಢಿಯನ್ನು ಮುಂದುವರಿಸಿದ್ದು ನಮ್ಮ ತಪ್ಪು. ಎಷ್ಟೋ ಸಂಸ್ಥೆಗಳ ಸ್ಮರಣ ಸಂಚಿಕೆಗಳು, ಪ್ರವಚನಗಳ ಬರಹರೂಪ, ದಾಸೋಹದ ಲೆಕ್ಕ, ಹಳೆಯ ವಿದ್ಯಾರ್ಥಿಗಳ ಪಟ್ಟಿ ಈ ರೀತಿಯ ಕಡತಗಳಲ್ಲಿ ಉಳಿದುಕೊಂಡಿವೆ. ಅವುಗಳನ್ನು ಹೊಸ ಯಂತ್ರದಲ್ಲಿ ತೆರೆದರೆ ಓದಲು ಬಾರದು, ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು. ಮಸ್ಕಿಯ ಕಲ್ಲು ಎರಡು ಸಾವಿರಕ್ಕೂ ಹೆಚ್ಚು ವರ್ಷ ಗಾಳಿಮಳೆಗೆ ಮೈಯೊಡ್ಡಿ ಉಳಿಯಿತು. ಆದರೂ ನಡುವೆ ಶತಮಾನಗಳ ಕಾಲ ಅದನ್ನು ಓದಬಲ್ಲವರಿರಲಿಲ್ಲ. ಬ್ರಾಹ್ಮೀ ಲಿಪಿಯ ಕೀಲಿ ಜನರಿಗೆ ಮರೆತುಹೋಗಿತ್ತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಕೀಲಿಯನ್ನು ಮತ್ತೆ ಕಂಡುಹಿಡಿದಿದ್ದರಿಂದಲೇ ೧೯೧೫ರಲ್ಲಿ ದೊರೆತ ನಮ್ಮ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ ಪ್ರಕಟಿಸುವುದು ಸಾಧ್ಯವಾಯಿತು. ಬರಹ ಉಳಿದರೆ ಸಾಲದು, ಬರಹದ ಕೀಲಿಯೂ ಉಳಿಯಬೇಕು. ನಮ್ಮ ಹಳೆಯ ಕಡತಗಳ ಕೀಲಿ ಇನ್ನೂ ಕೈಯಲ್ಲಿದೆ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಅವು ಬಳಕೆ ತಪ್ಪಿ ಮರೆಯಾಗುವ ಮುನ್ನ ಆ ಕೆಲಸ ಆಗಬೇಕು.

ಒಂದು ನಾಲಗೆಯ ಹೆಸರು, ಮೂರು ಲಿಪಿಯ ದಾಖಲೆ

ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ಹೆಸರಿನ ಸಂಕಟ ಇಮ್ಮಡಿಯಾಗುತ್ತದೆ. ಪಹಣಿ ಕನ್ನಡದಲ್ಲಿದೆ. ಪ್ಯಾನ್ ಚೀಟಿ ಇಂಗ್ಲಿಷಿನಲ್ಲಿದೆ. ಬ್ಯಾಂಕಿನ ಖಾತೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಆಧಾರ್ ಎರಡರಲ್ಲಿಯೂ ಇದೆ. ನಮ್ಮ ಭಾಗಕ್ಕೆ ಇನ್ನೂ ಒಂದು ವಿಶೇಷವುಂಟು. ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು ಜಿಲ್ಲೆಯಲ್ಲಿ ಸರ್ಕಾರದ ಭಾಷೆ ಉರ್ದು. ಅಜ್ಜನ ಹೆಸರು ಉರ್ದುವಿನಲ್ಲಿ, ತಂದೆಯದು ಕನ್ನಡದಲ್ಲಿ, ಮೊಮ್ಮಗನದು ಇಂಗ್ಲಿಷಿನಲ್ಲಿ ದಾಖಲಾದ ಮನೆಗಳು ಇಲ್ಲಿ ಹೊಸತೇನಲ್ಲ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಇಂಗ್ಲಿಷಿನಲ್ಲಿ ನ ಮತ್ತು ಣ, ಲ ಮತ್ತು ಳ ಇವುಗಳಿಗೆ ಭೇದವಿಲ್ಲ. ಹ್ರಸ್ವ ದೀರ್ಘಗಳಿಗೆ ನಿಯಮವಿಲ್ಲ. ಹೀಗಾಗಿ ಪ್ರತಿ ದಾಟುವಿಕೆಯಲ್ಲಿಯೂ ಹೆಸರು ಸ್ವಲ್ಪ ಸವೆಯುತ್ತದೆ, ಸ್ವಲ್ಪ ಬೆಳೆಯುತ್ತದೆ.

'ಶರಣಪ್ಪ' ಎಂಬ ಒಂದು ಹೆಸರನ್ನೇ ನೋಡೋಣ. ಇಂಗ್ಲಿಷಿನಲ್ಲಿ ಬರೆಯುವಾಗ 'ಎಸ್' ಮುಂದೆ 'ಎಚ್' ಇಡಬಹುದು, ಬಿಡಬಹುದು. 'ಆರ್' ಮುಂದೆ 'ಎ' ಇಡಬಹುದು, ಬಿಡಬಹುದು. 'ಪಿ' ಒಂದು ಸಲ ಬರೆಯಬಹುದು, ಎರಡು ಸಲ ಬರೆಯಬಹುದು. ಇಷ್ಟರಲ್ಲಿಯೇ ಎಂಟು ರೂಪಗಳಾದವು. ಎಂಟನ್ನೂ ನಮ್ಮ ಹಾಜರಿ ಪುಸ್ತಕಗಳಲ್ಲಿ ಕಾಣಬಹುದು. ಎಂಟನ್ನೂ ಗಟ್ಟಿಯಾಗಿ ಓದಿದರೆ ಬರುವುದು ಒಂದೇ ಹೆಸರು. ಗುರುಗುಂಟೆಯ ಅಮರೇಶ್ವರನ ಹೆಸರು ಹೊತ್ತ ಅಮರೇಶರು, ಮಸ್ಕಿಯ ಮಲ್ಲಿಕಾರ್ಜುನನ ಹೆಸರು ಹೊತ್ತ ಮಲ್ಲಪ್ಪ, ಮಲ್ಲಿಕಾರ್ಜುನರು ಯಾರೂ ಇದಕ್ಕೆ ಹೊರತಲ್ಲ.

ಇದು ಪರಿಹಾರವಿಲ್ಲದ ಸಮಸ್ಯೆಯೇ? ಅಲ್ಲ. ಬರಹ ಬೇರೆಯಾಗಿ ಉಚ್ಚಾರ ಒಂದೇ ಆದ ಹೆಸರುಗಳನ್ನು ಒಂದೇ ಗುಂಪಿಗೆ ತರುವ 'ಸೌಂಡೆಕ್ಸ್' ಎಂಬ ಕ್ರಮಕ್ಕೆ ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬಾತ ೧೯೧೮ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಆಗ ಇಂದಿನ ಗಣಕಯಂತ್ರವೇ ಹುಟ್ಟಿರಲಿಲ್ಲ. ಆ ಕ್ರಮ ಇಂಗ್ಲಿಷ್ ಹೆಸರುಗಳಿಗಾಗಿ ಮಾಡಿದ್ದು, ನಮಗೆ ಹಾಗೆಯೇ ಒಪ್ಪುವುದಿಲ್ಲ. ಅಕ್ಷರಕ್ಕೂ ಉಚ್ಚಾರಕ್ಕೂ ಇಷ್ಟು ಹತ್ತಿರದ ನಂಟಿರುವ ಕನ್ನಡಕ್ಕೆ ಅಂಥ ಕ್ರಮವನ್ನು ರೂಪಿಸುವುದು ಇನ್ನೂ ಸುಲಭವಾಗಬೇಕು. ಅಗತ್ಯದ ಅರಿವು ಇರಬೇಕಷ್ಟೆ.

ಮೂರು ಮನೆಗಳ ಅರ್ಜಿ

ಹೆಸರಿನ ಅಕ್ಷರ ಸರಿಯಾದರೂ ಹೆಸರಿನ ಆಕಾರ ಹೊಂದದಿರುವುದುಂಟು. ಗಣಕಯಂತ್ರದ ಅನೇಕ ಅರ್ಜಿಗಳಲ್ಲಿ ಹೆಸರಿಗೆ ಮೂರು ಮನೆಗಳಿರುತ್ತವೆ: ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು. ಇದು ಪಾಶ್ಚಾತ್ಯರ ಪದ್ಧತಿಗೆ ಹೊಲಿದ ಅಂಗಿ. ನಮ್ಮ ಪಹಣಿಗಳಲ್ಲಿ ಹೆಸರು ಇರುವ ಬಗೆ ಬೇರೆ. 'ಅಮರಪ್ಪ ತಂದೆ ಬಸಪ್ಪ', 'ಶಿವಮ್ಮ ಗಂಡ ಅಮರಪ್ಪ' ಎಂದು ಅಲ್ಲಿ ಬರೆದಿರುತ್ತದೆ. ಇಲ್ಲಿ ತಂದೆ, ಗಂಡ ಎಂಬವು ಹೆಸರುಗಳಲ್ಲ, ಸಂಬಂಧವನ್ನು ಹೇಳುವ ಪದಗಳು. ಅವುಗಳನ್ನು ನಡು ಹೆಸರಿನ ಮನೆಯಲ್ಲಿ ತುಂಬಿದರೆ ಆಗುವ ವಿಪರೀತವನ್ನು ಹೇಳಬೇಕಾಗಿಲ್ಲ. ಸಿಂಧನೂರು ತಾಲೂಕಿನ ಕ್ಯಾಂಪುಗಳಲ್ಲಿ ನೆಲೆಸಿರುವ ತೆಲುಗು ಮನೆತನದವರು ಮನೆಯ ಹೆಸರನ್ನು ಮೊದಲಿಗೆ ಹೇಳುತ್ತಾರೆ. ಪುನರ್ವಸತಿ ಕ್ಯಾಂಪುಗಳ ಬಂಗಾಳಿಗಳು ಮನೆತನದ ಹೆಸರನ್ನು ಕೊನೆಗೆ ಹೇಳುತ್ತಾರೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಇದ್ದರೂ ಬಳಸುವ ರೂಢಿಯಿಲ್ಲ. ಒಂದೇ ತಾಲೂಕಿನಲ್ಲಿ ಇಷ್ಟು ಪದ್ಧತಿಗಳು. ಅರ್ಜಿ ಮಾತ್ರ ಒಂದೇ.

ಆಧಾರ್ ಅರ್ಜಿಯಲ್ಲಿ ಪೂರ್ಣ ಹೆಸರಿಗೆ ಒಂದೇ ಮನೆಯನ್ನು ಇಟ್ಟಿರುವುದು ಈ ದೃಷ್ಟಿಯಿಂದ ವಿವೇಕದ ಕ್ರಮ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ. ಒಂದೇ ಹೆಸರಿನವನು ಅಲ್ಲಿ ತನ್ನ ಹೆಸರನ್ನೇ ಕೊನೆಯ ಹೆಸರಾಗಿ ಬರೆಯಬೇಕು, ಇಲ್ಲವೇ ತಂದೆಯ ಹೆಸರನ್ನು ತನ್ನದಕ್ಕೆ ಅಂಟಿಸಿಕೊಳ್ಳಬೇಕು. ಅಂಟಿಸಿಕೊಂಡ ದಿನವೇ ಅದು ಆಧಾರಿಗೆ ಹೊಂದದ ಹೆಸರಾಯಿತು. ಈ ಎರಡನ್ನೂ ಜೋಡಿಸಲು ದಂಡವಿಲ್ಲದ ಅವಧಿ ಮುಗಿದ ಮೇಲೆ ಸಾವಿರ ರೂಪಾಯಿ ಶುಲ್ಕದೊಡನೆ ೨೦೨೩ರ ಜೂನ್ ೩೦ರವರೆಗೆ ಅವಕಾಶವಿತ್ತು. ಹೆಸರು ಹೊಂದದ ಕಾರಣಕ್ಕೆ ಕೇಂದ್ರದಿಂದ ಕೇಂದ್ರಕ್ಕೆ ಅಲೆದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇದ್ದಾರೆ. ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದೂ ಅಲ್ಲ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಾರಿತು. ಬಳಿಕ ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೂ ಸಾಕೆಂದು ಸಡಿಲಿಸಿತು.

ಮಠದ ಬಳಗಕ್ಕೆ ಹತ್ತಿರವಾದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ವಿರಕ್ತ ಪರಂಪರೆಯ ಸ್ವಾಮಿಗಳು ಪೂರ್ವಾಶ್ರಮದ ಹೆಸರನ್ನು ತೊರೆದು ಹೊಸ ಹೆಸರನ್ನು ಸ್ವೀಕರಿಸುತ್ತಾರೆ, ತಂದೆಯ ಸ್ಥಾನದಲ್ಲಿ ಗುರುವನ್ನು ಕಾಣುತ್ತಾರೆ. ಅರ್ಜಿಯಲ್ಲಿ ಮಾತ್ರ ತಂದೆ ತಾಯಿಯ ಹೆಸರನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಪಾಸ್‌ಪೋರ್ಟ್ ನಿಯಮಗಳನ್ನು ಸರಳಗೊಳಿಸಿ, ಸಾಧು ಸಂನ್ಯಾಸಿಗಳು ಹೆತ್ತವರ ಬದಲು ಗುರುವಿನ ಹೆಸರನ್ನು ನಮೂದಿಸಬಹುದೆಂದು ಅನುಮತಿಸಿತು. ಅಂದರೆ ಅರ್ಜಿಯನ್ನು ಬದಲಿಸುವುದು ಸಾಧ್ಯವಿದೆ. ಅರ್ಜಿ ವಿಧಿಲಿಖಿತವಲ್ಲ. ಅದೂ ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು ಬರೆದದ್ದು.

ಮನುಷ್ಯನ ಗುರುತು ಒಂದೇ ಬರಹದಲ್ಲಿ ಅಡಗಿಲ್ಲವೆಂಬುದು ಶರಣ ಸಾಹಿತ್ಯದ ಓದುಗರಿಗೆ ಹೊಸ ವಿಚಾರವಲ್ಲ. ವಚನಕಾರರು ವಚನದಲ್ಲಿ ಇಟ್ಟದ್ದು ತಮ್ಮ ಹೆಸರನ್ನಲ್ಲ, ಅಂಕಿತವನ್ನು. ಕೂಡಲಸಂಗಮದೇವ ಎಂದರೆ ಬಸವಣ್ಣನವರ ವಚನ, ಗುಹೇಶ್ವರ ಎಂದರೆ ಅಲ್ಲಮಪ್ರಭುವಿನದು. ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರು ಒಂದು ಪ್ರತಿಯ ಅಕ್ಷರ ಇನ್ನೊಂದಕ್ಕೆ ಹೊಂದಲಿಲ್ಲವೆಂದು ಕಟ್ಟನ್ನು ಮರಳಿಸಿದ್ದರೆ ಇಂದು ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತು?

ಜೂನ್ ಒಂದನೆಯ ತಾರೀಖಿನ ಮಕ್ಕಳು

ಹೆಸರಿನಂತೆಯೇ ಜನ್ಮದಿನ. ನಮ್ಮ ಹಳೆಯ ದಾಖಲಾತಿ ಪುಸ್ತಕಗಳನ್ನು ತಿರುವಿದರೆ ಅರ್ಧ ಊರು ಜೂನ್ ಒಂದರಂದು ಹುಟ್ಟಿತೇನೋ ಎನಿಸುತ್ತದೆ. ಇದರ ಕಾರಣ ಶಿಕ್ಷಕರೆಲ್ಲರಿಗೂ ಗೊತ್ತು. ಶಾಲೆ ತೆರೆಯುವ ಕಾಲಕ್ಕೆ ಮಗುವಿಗೆ ನಿಗದಿತ ವಯಸ್ಸು ತುಂಬಿರಬೇಕು. ಹೆತ್ತವರಿಗೆ 'ಆ ವರ್ಷ ಕಾಲುವೆಗೆ ನೀರು ಬಿಟ್ಟಾಗ ಹುಟ್ಟಿದ್ದು' ಎಂಬಷ್ಟು ಮಾತ್ರ ನೆನಪು. ಪುಸ್ತಕದ ಮನೆ ಖಾಲಿ ಬಿಡುವಂತಿಲ್ಲ. ಗುರುಗಳು ಜೂನ್ ಒಂದು ಎಂದು ಬರೆದು ಮಗುವನ್ನು ಒಳಗೆ ಕರೆದುಕೊಂಡರು. ಅದು ಅಂದಿಗೆ ಕರುಣೆಯ ಕೆಲಸವೇ ಆಗಿತ್ತು. ಯಂತ್ರಕ್ಕೆ 'ಸುಮಾರು' ಎಂಬ ಮಾತು ತಿಳಿಯದು. ಆಸ್ಪತ್ರೆಯ ಜನನ ಪತ್ರ ಒಂದು ದಿನ, ಶಾಲೆಯ ಪುಸ್ತಕ ಇನ್ನೊಂದು ದಿನ ಹೇಳಿದರೆ ಅದು ಎರಡನ್ನೂ ನಂಬದು. ತಿದ್ದುಪಡಿಗೂ ಮಿತಿಯುಂಟು. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಸಾಮಾನ್ಯವಾಗಿ ಅವಕಾಶ. ತಿದ್ದುವವನೇ ತಪ್ಪಿದರೆ ಆ ಒಂದು ಅವಕಾಶವೂ ಹೋಯಿತು.

ಒಂದು ಒಪ್ಪಿಗೆಯ ಮಾತು

ಇಲ್ಲಿ ಲೇಖಕನು ತನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬತ್ತದ ಸುಗ್ಗಿಯ ಸಮಯದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆ ಬಂದನು. ಅವನ ನಿಜವಾದ ಹೆಸರು ಇಲ್ಲಿ ಬೇಡ, ಶರಣಪ್ಪ ಎಂದೇ ಕರೆಯೋಣ. ಬೆಂಬಲ ಬೆಲೆಗೆ ಬತ್ತ ಮಾರಲು ಹೆಸರು ನೋಂದಾಯಿಸಬೇಕಾಗಿತ್ತು. ಸೇವಾ ಕೇಂದ್ರವೊಂದಕ್ಕೆ ನಾಲ್ಕು ದಿನ ಅಲೆದಿದ್ದನು. ತೆರೆಯ ಮೇಲೆ ಪ್ರತಿ ಸಲವೂ ಇಂಗ್ಲಿಷಿನಲ್ಲಿ ಒಂದೇ ಸಾಲು ಬರುತ್ತಿತ್ತಂತೆ: ಹೆಸರು ಹೊಂದುತ್ತಿಲ್ಲ. ಯಾವ ಅಕ್ಷರ ಹೊಂದುತ್ತಿಲ್ಲ, ಯಾವ ದಾಖಲೆಯಲ್ಲಿ ಹೊಂದುತ್ತಿಲ್ಲ, ಮುಂದೇನು ಮಾಡಬೇಕು ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. "ಸರ್, ನಾನು ನಾನಲ್ಲ ಅಂತದರೀ ಆ ಮಿಷನ್ನು" ಎಂದು ನಗುತ್ತಲೇ ಹೇಳಿದನು.

ಕಾಗದಗಳನ್ನು ಹರಡಿಕೊಂಡು ನೋಡಿದೆವು. ಬ್ಯಾಂಕಿನಲ್ಲಿ ಅವನ ಹೆಸರು ಸರಿಯಾಗಿತ್ತು. ಆಧಾರಿನಲ್ಲಿ 'ಆರ್' ಮುಂದಿನ 'ಎ' ಇರಲಿಲ್ಲ. ಆಧಾರ್ ಮಾಡಿಸುವಾಗ ಅವನು ಕೊಟ್ಟಿದ್ದು ಶಾಲೆಯ ವರ್ಗಾವಣೆ ಪತ್ರ. ವರ್ಗಾವಣೆ ಪತ್ರವನ್ನು ಬರೆದದ್ದು ದಾಖಲಾತಿ ಪುಸ್ತಕ ನೋಡಿ. ದಾಖಲಾತಿ ಪುಸ್ತಕದಲ್ಲಿದ್ದ ಅಕ್ಷರ ನನ್ನದು. ಪ್ರವೇಶದ ಮೊದಲ ದಿನಗಳ ಗದ್ದಲದಲ್ಲಿ, ಹೆತ್ತವರಿಗೆ ಓದಲು ಬಾರದೆಂಬ ಧೈರ್ಯದಲ್ಲಿ, ಒಂದು ಅಕ್ಷರವನ್ನು ನಾನು ಬಿಟ್ಟುಬಿಟ್ಟಿದ್ದೆನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಯಾರಿಗೂ ತೊಂದರೆ ಕೊಡದೆ ಸುಮ್ಮನಿತ್ತು. ಪ್ರಮಾಣಪತ್ರ ಬರೆದುಕೊಟ್ಟೆವು, ತಿದ್ದುಪಡಿಯೂ ಆಯಿತು. ಆದರೆ ತಿದ್ದುಪಡಿ ಆಗುವಷ್ಟರಲ್ಲಿ ನೋಂದಣಿಯ ದಿನ ಕಳೆದಿತ್ತು. ಬತ್ತವನ್ನು ಅವನು ವ್ಯಾಪಾರಿಗೆ ಸಿಕ್ಕ ಬೆಲೆಗೆ ಮಾರಿದ್ದನು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ದಿನದಿಂದ ದಾಖಲಾತಿ ಪುಸ್ತಕ ಮುಂದಿಟ್ಟುಕೊಂಡಾಗ ನನ್ನ ಕೈ ನಿಧಾನವಾಗಿದೆ.

ದೋಷ ಯಾರದು?

ತಪ್ಪು ನನ್ನದು, ನಿಜ. ಒಬ್ಬ ಶಿಕ್ಷಕನು ಬಿಟ್ಟ ಒಂದು ಅಕ್ಷರ ಒಬ್ಬ ರೈತನ ಒಂದು ಸುಗ್ಗಿಯ ಲಾಭವನ್ನು ಕಸಿಯುವಂತಿದ್ದರೆ ಆ ವ್ಯವಸ್ಥೆಯ ರಚನೆಯಲ್ಲಿಯೂ ದೋಷವಿದೆ ಎಂಬುದೂ ಅಷ್ಟೇ ನಿಜ. ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೮೮ರಲ್ಲಿ ದಿನಬಳಕೆಯ ವಸ್ತುಗಳ ರಚನೆಯನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಜನ ತಡವರಿಸಿದರೆ ತಪ್ಪು ಜನರದ್ದಲ್ಲ, ಬಾಗಿಲಿನದು ಎಂಬುದು ಅವರ ವಾದದ ಸಾರ. ಮನುಷ್ಯರು ತಪ್ಪುವುದು ಸಹಜ. ಆ ತಪ್ಪನ್ನು ಮೊದಲೇ ನಿರೀಕ್ಷಿಸಿ, ಕಂಡುಹಿಡಿದು, ತಿದ್ದಿಕೊಳ್ಳಲು ದಾರಿ ಮಾಡಿಕೊಡುವುದೇ ಒಳ್ಳೆಯ ರಚನೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತನ್ನೂ ಆಲಿಸಬೇಕು. ಬಿಗಿ ಬೇಡವೆಂದರೆ ಮೋಸಗಾರರು ನುಸುಳುವುದಿಲ್ಲವೇ? ಒಬ್ಬ ಶರಣಪ್ಪನ ಹಣ ಇನ್ನೊಬ್ಬ ಶರಣಪ್ಪನಿಗೆ ಹೋಗುವುದಿಲ್ಲವೇ? ಈ ಆತಂಕ ಸುಳ್ಳಲ್ಲ. ಕೈಬರಹದ ಪಹಣಿಯ ಕಾಲ ಸ್ವರ್ಗವಾಗಿತ್ತೆಂದು ಹೇಳುವವನು ಆ ಕಾಲವನ್ನು ಕಂಡವನಲ್ಲ. ಒಂದು ಉತಾರಕ್ಕಾಗಿ ಎಷ್ಟು ದಿನ ಕಾಯಬೇಕಾಗಿತ್ತು, ಎಷ್ಟು ಜನರಿಗೆ ಕೈ ಮುಗಿಯಬೇಕಾಗಿತ್ತು ಎಂಬುದನ್ನು ಹಿರಿಯರು ಬಲ್ಲರು. 'ಭೂಮಿ' ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ತಾಲೂಕು ಕೇಂದ್ರಗಳಲ್ಲಿ ದೊರೆಯುವಂತೆ ಮಾಡಿದ್ದು ನಮ್ಮ ರಾಜ್ಯದ ದೊಡ್ಡ ಸಾಧನೆ. ಪಹಣಿಯನ್ನೂ ಆಧಾರನ್ನೂ ಜೋಡಿಸಿ ರೈತನಿಗೆ ಒಂದೇ ಗುರುತಿನ ಸಂಖ್ಯೆ ಕೊಡುವ 'ಫ್ರೂಟ್ಸ್' ವ್ಯವಸ್ಥೆಯ ಉದ್ದೇಶವೂ ಪ್ರತಿ ಕಚೇರಿಗೂ ಅದೇ ಕಾಗದಗಳನ್ನು ಹೊತ್ತೊಯ್ಯುವ ಶ್ರಮವನ್ನು ತಪ್ಪಿಸುವುದೇ ಆಗಿದೆ. ಯಂತ್ರ ಬೇಡವೆಂಬುದು ಈ ಲೇಖನದ ವಾದವಲ್ಲ.

ವಾದ ಇಷ್ಟೇ. ಎರಡು ಬರಹಗಳಲ್ಲಿ ವ್ಯತ್ಯಾಸ ಕಂಡಾಗ ಯಂತ್ರವು ಅದನ್ನು ನಿರಾಕರಣೆಯಾಗಿ ಅಲ್ಲ, ಪ್ರಶ್ನೆಯಾಗಿ ಮುಂದಿಡಬೇಕು. 'ಪಹಣಿಯಲ್ಲಿ ಹೀಗಿದೆ, ಆಧಾರಿನಲ್ಲಿ ಹೀಗಿದೆ, ಈ ಅಕ್ಷರ ಬೇರೆಯಾಗಿದೆ, ಇಬ್ಬರೂ ಒಬ್ಬರೇ ಎಂಬುದಕ್ಕೆ ಇಂಥ ಅಧಿಕಾರಿಯ ಮುಂದೆ ಇಂಥ ಆಧಾರ ತೋರಿಸಿ' ಎಂದು ಕನ್ನಡದಲ್ಲಿ ತಿಳಿಸಬೇಕು. ಅದನ್ನು ಒಪ್ಪುವ ಅಧಿಕಾರ ತಾಲೂಕಿನ ಮಟ್ಟದಲ್ಲಿಯೇ ಒಬ್ಬ ಮನುಷ್ಯನ ಕೈಯಲ್ಲಿರಬೇಕು. ಅಲ್ಲಿಯವರೆಗೆ ರೈತನ ಸರದಿ ಕಳೆಯಬಾರದು. ಹೀಗೆ ಮಾಡಿದರೆ ಮೋಸಕ್ಕೂ ತಡೆಯಾಗುತ್ತದೆ, ಪ್ರಾಮಾಣಿಕನಿಗೂ ದಾರಿಯಾಗುತ್ತದೆ.

ನಾವು ಮಾಡಬಹುದಾದದ್ದು

ಈ ಸಂಚಿಕೆಯನ್ನು ಓದುವವರಲ್ಲಿ ಮೂರು ಬಳಗದವರಿದ್ದಾರೆ. ಮೂವರಿಗೂ ಇದರಲ್ಲಿ ಪಾಲಿದೆ.

ಶಿಕ್ಷಕ ಬಂಧುಗಳಲ್ಲಿ ಮೊದಲ ವಿನಂತಿ. ಪ್ರವೇಶದ ದಿನ ಬರೆಯುವ ಹೆಸರು ಮಗುವಿನ ಜೀವನದುದ್ದಕ್ಕೂ ಸಾಗುವ ಹೆಸರು. ಜನನ ಪತ್ರವನ್ನೂ ಆಧಾರನ್ನೂ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ನಕಲು ಮಾಡಬೇಕು. ಬರೆದುದನ್ನು ಹೆತ್ತವರ ಮುಂದೆ ಗಟ್ಟಿಯಾಗಿ ಓದಬೇಕು. ಗಣಕಯಂತ್ರಕ್ಕೆ ಸೇರಿಸಿದ ಮೇಲೆ ಒಂದು ಪ್ರತಿಯನ್ನು ಮುದ್ರಿಸಿ ಮನೆಗೆ ಕಳುಹಿಸಿ, ಓದಬಲ್ಲ ಅಣ್ಣನೋ ಅಕ್ಕನೋ ಇದ್ದರೆ ನೋಡಿ ಸಹಿ ಹಾಕಿಸಿಕೊಂಡು ಬರುವಂತೆ ಹೇಳಬೇಕು. ಹತ್ತನ್ನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನ ಇನ್ನೊಮ್ಮೆ ಹೀಗೆ ಮಾಡಬೇಕು. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುವುದಕ್ಕಿಂತ ಇದು ನೂರು ಪಾಲು ಸುಲಭ.

ಎರಡನೆಯದು ಹಳೆಯ ವಿದ್ಯಾರ್ಥಿಗಳಲ್ಲಿ. ನಿಮ್ಮಲ್ಲಿ ಅನೇಕರು ಬೆಂಗಳೂರು, ಹೈದರಾಬಾದುಗಳಲ್ಲಿ ತಂತ್ರಾಂಶದ ಕಾಯಕದಲ್ಲಿದ್ದೀರಿ. ನೀವು ಬರೆಯುವ ಅರ್ಜಿಯನ್ನು ಯಾವ ಹೆಸರುಗಳನ್ನು ಇಟ್ಟು ಪರೀಕ್ಷಿಸುತ್ತೀರಿ? ಒಂದು ಸಲ ನಿಮ್ಮ ಅಜ್ಜಿಯ ಹೆಸರನ್ನು ಇಟ್ಟು ನೋಡಿರಿ. ಕೊನೆಯ ಹೆಸರಿಲ್ಲದ ಆಕೆಯನ್ನು ನಿಮ್ಮ ಅರ್ಜಿ ಒಳಗೆ ಬಿಡುತ್ತದೆಯೇ? ಬಿಡದಿದ್ದರೆ ಅಲ್ಲಿ ಏನು ಬರೆದು ತೋರಿಸುತ್ತದೆ, ಯಾವ ಭಾಷೆಯಲ್ಲಿ? ಕಾಯಕವೆಂದರೆ ಮಾಡಿದ ಕೆಲಸ ಮಾತ್ರವಲ್ಲ, ಆ ಕೆಲಸ ತಲುಪಬೇಕಾದವರನ್ನು ತಲುಪಿತೇ ಎಂಬ ಎಚ್ಚರವೂ ಹೌದು.

ಮೂರನೆಯದು ದಾನಿಗಳಲ್ಲಿ. ಶಾಲೆಗೆ ಗಣಕಯಂತ್ರಗಳನ್ನು ಕೊಟ್ಟ ತಮ್ಮ ಔದಾರ್ಯವನ್ನು ಸ್ಮರಿಸುತ್ತಲೇ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಯಂತ್ರದ ಜೊತೆಗೆ ಕನ್ನಡ ಅಕ್ಷರ ಮುದ್ರಿತವಾದ ಕೀಲಿಮಣೆ ಇರಲಿ, ಯೂನಿಕೋಡ್ ಕನ್ನಡದ ಏರ್ಪಾಡು ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ವಾರದಲ್ಲಿ ಒಂದು ದಿನ ಅದರ ಮುಂದೆ ಕುಳಿತು ಊರವರ ಅರ್ಜಿಗಳನ್ನು ತಾಳ್ಮೆಯಿಂದ ತುಂಬಿಕೊಡುವ ಒಬ್ಬ ತರುಣ ಅಥವಾ ತರುಣಿಯ ಸಂಬಳಕ್ಕೆ ನೆರವಾಗಿರಿ. ನಮ್ಮ ಮಠಗಳಲ್ಲಿ ಅನ್ನ ದಾಸೋಹವಿದೆ, ಅಕ್ಷರ ದಾಸೋಹವಿದೆ. ಇದು ಅವುಗಳ ಜೊತೆಗೆ ಸಲ್ಲಬೇಕಾದ ಇನ್ನೊಂದು ದಾಸೋಹ. ಸಂಸ್ಥೆಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮುದ್ರಿತ ಪ್ರತಿಗೆ ಹೋಲಿಸಿ ತಿದ್ದುವ ಕೆಲಸವನ್ನೂ ಅದೇ ಕೈಗಳಿಗೆ ವಹಿಸಬಹುದು. ಹಿರಿಯ ವಿದ್ಯಾರ್ಥಿಗಳಿಗೆ ಅದು ಒಳ್ಳೆಯ ಭಾಷಾಭ್ಯಾಸವೂ ಆಗುವುದು.

ಬರುವ ಪ್ರವೇಶದ ದಿನಗಳಲ್ಲಿ ಹೊಸ ದಾಖಲಾತಿ ಪುಸ್ತಕದ ಮೊದಲ ಪುಟ ತೆರೆಯಲಿದೆ. ಮಗುವಿನ ಕೈ ಹಿಡಿದು ತಾಯಿಯೊಬ್ಬಳು ಮೇಜಿನ ಮುಂದೆ ನಿಲ್ಲುತ್ತಾಳೆ. ಹೆಸರೇನೆಂದು ಕೇಳುತ್ತೇವೆ. ಅವಳು ಹೇಳಿದುದನ್ನು ಪೂರ್ಣವಾಗಿ ಕೇಳಿಸಿಕೊಂಡು, ಒಂದು ಅಕ್ಷರವನ್ನೂ ಬಿಡದೆ ಬರೆದು, ಅವಳಿಗೆ ಓದಿ ಹೇಳೋಣ. ಉಳಿದ ಸುಧಾರಣೆಗಳು ಬರಲು ಕಾಲ ಹಿಡಿಯಬಹುದು. ಇಷ್ಟು ಮಾತ್ರ ಈ ಜೂನಿನಿಂದಲೇ ನಮ್ಮ ಕೈಯಲ್ಲಿದೆ.